ವಿಡಿಯೊ ನೋಡಲು ‘ಫ್ಲ್ಯಾಶ್ ಪ್ಲೇಯರ್ ಬೀಟಾ’ ಹಾಕಿಕೊಳ್ಳಬೇಕೆ? ನಿಜ ಇಲ್ಲಿದೆ

ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಲಿಂಕ್ ಬರುತ್ತದೆ. ಒತ್ತಿದರೆ ವಿಡಿಯೊ ಇರುವಂಥ ಪುಟ ತೆರೆಯುತ್ತದೆ, ಆದರೆ ವಿಡಿಯೊ ಓಡುವುದಿಲ್ಲ. ಪರದೆಯ ನಡುವೆ ಒಂದು ಪೆಟ್ಟಿಗೆ ಕಾಣಿಸಿಕೊಳ್ಳುತ್ತದೆ: ನಿಮ್ಮ ಪ್ಲೇಯರ್ ಹಳೆಯದಾಗಿದೆ, ಹೊಸ ಬೀಟಾ ಆವೃತ್ತಿ ಇನ್‌ಸ್ಟಾಲ್ ಮಾಡಿ, ನಂತರ ವಿಡಿಯೊ ನೋಡಿ. ಕೆಳಗೆ ಡೌನ್‌ಲೋಡ್ ಗುಂಡಿ. ಕಳಿಸಿದವರು ನಮ್ಮ ಅತ್ತಿಗೆಯೋ ಸೋದರಮಾವನೋ ಆಗಿರುತ್ತಾರೆ. ಹಾಗಾಗಿ ಅನುಮಾನ ಬರುವುದಿಲ್ಲ. ಬೆರಳು ತಾನಾಗಿ ಗುಂಡಿಯ ಮೇಲೆ ಹೋಗುತ್ತದೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇವೆ. ಬೇಡ, ಒತ್ತಬೇಡಿ. ಇಂದು ಬ್ರೌಸರ್‌ನಲ್ಲಿ ವಿಡಿಯೊ ನೋಡಲು ಯಾವ ಪ್ಲೇಯರನ್ನೂ ಯಾವ ಪ್ಲಗಿನ್ನನ್ನೂ ಹಾಕಿಕೊಳ್ಳುವ ಅಗತ್ಯ ಇಲ್ಲ. ಫ್ಲ್ಯಾಶ್ ಪ್ಲೇಯರ್ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿದೆ. ಅದರ ‘ಹೊಸ ಬೀಟಾ’ ಎಂದು ಯಾರಾದರೂ ಕೊಟ್ಟರೆ ಅದು ಸುಳ್ಳು.

ಆದರೆ ಈ ಸುಳ್ಳು ಇಷ್ಟು ಸುಲಭವಾಗಿ ನಂಬಿಕೆ ಗಳಿಸಲು ಒಂದು ಕಾರಣ ಇದೆ. ಒಂದು ಕಾಲದಲ್ಲಿ ಈ ಮಾತು ನಿಜವಾಗಿತ್ತು. ವಿಡಿಯೊ ನೋಡಲು ಪ್ಲೇಯರ್ ಹಾಕಲೇಬೇಕಿತ್ತು. ಅದರ ಬೀಟಾ ಆವೃತ್ತಿಯನ್ನು ಜನಸಾಮಾನ್ಯರೂ ಇಳಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು. ಆ ಪರೀಕ್ಷೆ ಹೇಗೆ ನಡೆಯುತ್ತಿತ್ತು, ಅದರಿಂದ ಏನು ತಿಳಿಯಿತು, ಆ ಪದ್ಧತಿ ಏಕೆ ಮುಗಿಯಿತು ಎಂಬುದು ಗೊತ್ತಾದರೆ ಇಂದಿನ ಮೋಸ ಒಂದೇ ನೋಟಕ್ಕೆ ಹಿಡಿಯಬಹುದು.

ಪ್ಲಗಿನ್ ಎಂದರೇನು?

ಬ್ರೌಸರ್ ಎಂದರೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿಯಂಥ ತಂತ್ರಾಂಶ. ಮೊದಮೊದಲು ಬ್ರೌಸರ್‌ಗಳಿಗೆ ಅಕ್ಷರ ಮತ್ತು ಚಿತ್ರ ತೋರಿಸಲು ಮಾತ್ರ ಬರುತ್ತಿತ್ತು. ವಿಡಿಯೊ, ಅನಿಮೇಷನ್, ಆಟ ಇವೆಲ್ಲ ಅವಕ್ಕೆ ಗೊತ್ತಿರಲಿಲ್ಲ. ಈ ಕೊರತೆ ತುಂಬಲು ಬೇರೆ ಕಂಪನಿ ಬರೆದ ಒಂದು ತುಣುಕು ತಂತ್ರಾಂಶವನ್ನು ಬ್ರೌಸರ್‌ಗೆ ಸಿಕ್ಕಿಸುತ್ತಿದ್ದರು. ಅದೇ ಪ್ಲಗಿನ್. ಮಿಕ್ಸಿಗೆ ಬೇರೆ ಜಾರ್ ಹಾಕಿದಂತೆ. ಜಾರ್ ಬದಲಾದರೆ ಕೆಲಸವೂ ಬದಲಾಗುತ್ತದೆ.

ಇವುಗಳಲ್ಲಿ ಹೆಚ್ಚು ಹರಡಿದ್ದು ಫ್ಲ್ಯಾಶ್ ಪ್ಲೇಯರ್. 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಎಂಬ ಹೆಸರಿನಲ್ಲಿ ಬಂದ ತಂತ್ರಾಂಶವನ್ನು ಮ್ಯಾಕ್ರೊಮೀಡಿಯಾ ಕಂಪನಿ ಕೊಂಡು ಅದಕ್ಕೆ ಫ್ಲ್ಯಾಶ್ ಎಂದು ಹೆಸರಿಟ್ಟಿತು. 2005ರಲ್ಲಿ ಮ್ಯಾಕ್ರೊಮೀಡಿಯಾವನ್ನೇ ಅಡೋಬಿ ಕಂಪನಿ ಕೊಂಡಿತು. ಅದೇ ವರ್ಷ ಶುರುವಾದ ಯೂಟ್ಯೂಬ್ ತನ್ನ ವಿಡಿಯೊ ತೋರಿಸಲು ಫ್ಲ್ಯಾಶನ್ನೇ ಬಳಸಿತು. ಆ ದಿನಗಳಲ್ಲಿ ಸೈಬರ್ ಕೆಫೆಗಳಲ್ಲಿ ಕುಳಿತವರಿಗೆ ‘ಫ್ಲ್ಯಾಶ್ ಪ್ಲೇಯರ್ ಇಲ್ಲ, ಇನ್‌ಸ್ಟಾಲ್ ಮಾಡಿ’ ಎಂಬ ಸೂಚನೆ ನೆನಪಿರಬಹುದು. ಆಗ ಅದು ನಿಜವಾದ ಸೂಚನೆ.

ಬೀಟಾ, ಪ್ರೀ-ರಿಲೀಸ್ ಎಂದರೆ?

ಒಂದು ತಂತ್ರಾಂಶವನ್ನು ಅಧಿಕೃತವಾಗಿ ಬಿಡುಗಡೆ ಮಾಡುವ ಮೊದಲು ಪರೀಕ್ಷೆಗೆಂದು ಕೊಡುವ ಆವೃತ್ತಿಯೇ ಪ್ರೀ-ರಿಲೀಸ್. ಅದರಲ್ಲಿ ಹಂತಗಳಿವೆ. ಆಲ್ಫಾ ಸಾಮಾನ್ಯವಾಗಿ ಕಂಪನಿಯ ಒಳಗಿನವರಿಗೆ. ಬೀಟಾ ಹೊರಗಿನವರಿಗೂ ಸಿಗುತ್ತದೆ. ಬಿಡುಗಡೆಗೆ ಬಹುಪಾಲು ಸಿದ್ಧವಾದದ್ದು ರಿಲೀಸ್ ಕ್ಯಾಂಡಿಡೇಟ್.

ಇಲ್ಲಿ ನೆನಪಿಡಬೇಕಾದ ಮಾತು ಒಂದೇ. ಬೀಟಾ ಎಂದರೆ ‘ಎಲ್ಲರಿಗಿಂತ ಮೊದಲು ಸಿಗುವ ಒಳ್ಳೆಯ ಮಾಲು’ ಅಲ್ಲ. ‘ಇದರಲ್ಲಿ ತಪ್ಪುಗಳಿವೆ, ಹುಡುಕಿ ಹೇಳಿ’ ಎಂದು ಕೊಡುವ ಅರೆಬೆಂದ ಅಡುಗೆ. ಸಾಮಾನ್ಯ ಬಳಕೆದಾರರು ಅದನ್ನು ಹಾಕಿಕೊಳ್ಳಲೇಬೇಕು ಎಂದು ಯಾವ ಪ್ರಾಮಾಣಿಕ ಕಂಪನಿಯೂ ಒತ್ತಾಯ ಮಾಡುವುದಿಲ್ಲ.

2009ರ ನವೆಂಬರ್: ಕಂಪ್ಯೂಟರಿಗೂ ಫೋನಿಗೂ ಒಂದೇ ಪ್ಲೇಯರ್

2009ರ ಅಕ್ಟೋಬರ್‌ನಲ್ಲಿ ಅಡೋಬಿ ಒಂದು ದೊಡ್ಡ ಯೋಜನೆ ಪ್ರಕಟಿಸಿತು. ಫ್ಲ್ಯಾಶ್ ಪ್ಲೇಯರ್ 10.1 ಕಂಪ್ಯೂಟರ್, ಪುಟ್ಟ ನೆಟ್‌ಬುಕ್, ಸ್ಮಾರ್ಟ್‌ಫೋನ್ ಎಲ್ಲದರಲ್ಲೂ ಓಡಲಿದೆ ಎಂದಿತು. ಅದಕ್ಕೂ ಮೊದಲು ಫೋನುಗಳಿಗೆ ಫ್ಲ್ಯಾಶ್ ಲೈಟ್ ಎಂಬ ಇಳಿಸಿದ ಆವೃತ್ತಿ ಇತ್ತು. ಅದರಲ್ಲಿ ಕಂಪ್ಯೂಟರಿಗೆಂದು ಮಾಡಿದ ಎಷ್ಟೋ ಪುಟಗಳು ಸರಿಯಾಗಿ ತೆರೆಯುತ್ತಿರಲಿಲ್ಲ. ಹೊಸ ಆವೃತ್ತಿ ಆ ಅಂತರ ಅಳಿಸುತ್ತದೆ ಎಂಬುದು ಭರವಸೆ.

2009ರ ನವೆಂಬರ್ 17ರಂದು ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಕಂಪ್ಯೂಟರುಗಳಿಗೆ 10.1ರ ಮೊದಲ ಸಾರ್ವಜನಿಕ ಬೀಟಾ ಅಡೋಬಿಯ ಲ್ಯಾಬ್ಸ್ ಜಾಲತಾಣಕ್ಕೆ ಬಂತು. ಯಾರು ಬೇಕಾದರೂ ಇಳಿಸಿಕೊಂಡು ಪರೀಕ್ಷಿಸಬಹುದಿತ್ತು. ಫೋನುಗಳ ಬೀಟಾ 2010ರ ಮೇ ತಿಂಗಳಲ್ಲಿ ಆಂಡ್ರಾಯ್ಡ್ 2.2 ಜತೆಗೆ ಹೊರಬಂತು.

ಕಂಪ್ಯೂಟರಿನಲ್ಲಿ ಪರೀಕ್ಷೆ ಹೇಗೆ?

ಬೀಟಾ ಪರೀಕ್ಷೆ ಎಂದರೆ ಇನ್‌ಸ್ಟಾಲ್ ಮಾಡಿ ‘ಚೆನ್ನಾಗಿದೆ’ ಎನ್ನುವುದಲ್ಲ. ಅದಕ್ಕೆ ಕ್ರಮ ಇದೆ.

ಮೊದಲನೆಯದು, ಹಳೆಯದನ್ನು ಪೂರ್ತಿ ತೆಗೆಯುವುದು. ಹಳೆಯ ಪ್ಲಗಿನ್ ಉಳಿದಿದ್ದರೆ ಬ್ರೌಸರ್ ಯಾವುದನ್ನು ಬಳಸುತ್ತಿದೆ ಎಂಬುದೇ ತಿಳಿಯುವುದಿಲ್ಲ. ವಿಂಡೋಸ್‌ನಲ್ಲಿ ಇನ್ನೊಂದು ತೊಡಕೂ ಇತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಒಂದು ಫ್ಲ್ಯಾಶ್, ಫೈರ್‌ಫಾಕ್ಸ್‌ನಂಥ ಇತರ ಬ್ರೌಸರ್‌ಗಳಿಗೆ ಇನ್ನೊಂದು. ಒಂದರಲ್ಲಿ ಬೀಟಾ ಹಾಕಿ, ಇನ್ನೊಂದರಲ್ಲಿ ವಿಡಿಯೊ ನೋಡಿ ‘ಏನೂ ವ್ಯತ್ಯಾಸ ಇಲ್ಲ’ ಎಂದು ವರದಿ ಮಾಡಿದರೆ ಆ ವರದಿಗೆ ಬೆಲೆ ಇಲ್ಲ. ಆದ್ದರಿಂದ ಇನ್‌ಸ್ಟಾಲ್ ಆದ ಮೇಲೆ ಆವೃತ್ತಿ ಸಂಖ್ಯೆ ನೋಡಿ ಖಾತರಿ ಮಾಡಿಕೊಳ್ಳುವುದು ಎರಡನೆಯ ಹೆಜ್ಜೆ.

ಮೂರನೆಯದು, ಒಂದೇ ವಿಡಿಯೊವನ್ನು ಹಳೆಯ ಆವೃತ್ತಿಯಲ್ಲೂ ಹೊಸದರಲ್ಲೂ ಓಡಿಸಿ ಹೋಲಿಸುವುದು. 10.1ರ ಮುಖ್ಯ ಸುಧಾರಣೆ ಇಲ್ಲೇ ಇತ್ತು. ಇಂಟರ್ನೆಟ್ಟಿನ ವಿಡಿಯೊಗಳು ಕುಗ್ಗಿಸಿದ ರೂಪದಲ್ಲಿರುತ್ತವೆ. ಅದನ್ನು ಬಿಡಿಸಿ ಚಿತ್ರವಾಗಿಸುವ ಕೆಲಸವನ್ನು ಆ ತನಕ ಫ್ಲ್ಯಾಶ್ ಕಂಪ್ಯೂಟರಿನ ಮುಖ್ಯ ಪ್ರೊಸೆಸರ್‌ನಿಂದಲೇ ಮಾಡಿಸುತ್ತಿತ್ತು. 10.1ರಲ್ಲಿ, ಎಚ್.264 ಎಂಬ ಬಗೆಯ ವಿಡಿಯೊಗಳನ್ನು ಬಿಡಿಸುವ ಕೆಲಸವನ್ನು ವಿಂಡೋಸ್ ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್‌ಗೆ ವಹಿಸಲು ಸಾಧ್ಯವಾಯಿತು. ಆ ಚಿಪ್‌ನಲ್ಲಿ ಇದಕ್ಕೆಂದೇ ಮಾಡಿದ ಭಾಗ ಇರುವುದರಿಂದ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಪರೀಕ್ಷಕರು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಪ್ರೊಸೆಸರ್ ಎಷ್ಟು ಶೇಕಡಾ ದುಡಿಯುತ್ತಿದೆ ಎಂದು ಬರೆದಿಡುತ್ತಿದ್ದರು. ಸಣ್ಣ ಪ್ರೊಸೆಸರ್ ಇದ್ದ ನೆಟ್‌ಬುಕ್‌ಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಸರಿಯಾದ ಗ್ರಾಫಿಕ್ಸ್ ಚಿಪ್ ಇದ್ದರೆ ಮೊದಲು ತಡವರಿಸುತ್ತಿದ್ದ ಎಚ್‌ಡಿ ವಿಡಿಯೊ ಸರಾಗವಾಗಿ ಓಡುತ್ತಿತ್ತು.

ಆದರೆ ಎಲ್ಲರಿಗೂ ಇದೇ ಅನುಭವ ಆಗಲಿಲ್ಲ. ಗ್ರಾಫಿಕ್ಸ್ ಚಿಪ್ ಯಾವುದು, ಅದರ ಡ್ರೈವರ್ ಎಷ್ಟು ಹೊಸದು ಎಂಬುದರ ಮೇಲೆ ಫಲಿತಾಂಶ ನಿಂತಿತ್ತು. ಮ್ಯಾಕ್ ಮತ್ತು ಲಿನಕ್ಸ್‌ನವರಿಗೆ ಆರಂಭದ ಬೀಟಾದಲ್ಲಿ ಈ ಸೌಲಭ್ಯವೇ ಇರಲಿಲ್ಲ. ಒಂದೇ ಪ್ಲಗಿನ್ ಒಬ್ಬರಿಗೆ ವರ, ಪಕ್ಕದವರಿಗೆ ತಲೆನೋವು. ಸಾವಿರಾರು ಬಗೆಯ ಕಂಪ್ಯೂಟರುಗಳನ್ನು ಯಾವ ಕಂಪನಿಯೂ ತನ್ನ ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳಲಾಗದು. ಸಾರ್ವಜನಿಕ ಬೀಟಾ ಬೇಕಾಗುವುದು ಇದಕ್ಕೇ.

ನಾಲ್ಕನೆಯದು, ವರದಿ. ‘ವಿಡಿಯೊ ಬರುತ್ತಿಲ್ಲ’ ಎಂದರೆ ಸಾಲದು. ಆಪರೇಟಿಂಗ್ ಸಿಸ್ಟಮ್ ಯಾವುದು, ಬ್ರೌಸರ್ ಯಾವುದು, ಪ್ಲಗಿನ್ ಆವೃತ್ತಿ ಎಷ್ಟು, ಗ್ರಾಫಿಕ್ಸ್ ಚಿಪ್ ಮತ್ತು ಡ್ರೈವರ್ ಯಾವುವು, ಯಾವ ಪುಟ, ಏನು ಮಾಡಿದಾಗ ಕೆಟ್ಟಿತು, ಮತ್ತೆ ಮಾಡಿದರೆ ಮತ್ತೆ ಕೆಡುತ್ತದೆಯೇ ಎಂಬ ವಿವರ ಬೇಕು. ಕೊನೆಯದು ಬಹಳ ಮುಖ್ಯ. ಮತ್ತೆ ಮಾಡಿ ತೋರಿಸಲಾಗದ ದೋಷವನ್ನು ಸರಿಪಡಿಸುವುದು ಕಷ್ಟ.

ಇನ್ನೊಂದು ಅಪಾಯವೂ ಇತ್ತು. ಪ್ಲಗಿನ್ ಕುಸಿದರೆ ಬ್ರೌಸರೂ ಜತೆಗೆ ಕುಸಿಯುತ್ತಿತ್ತು. ಅರ್ಧ ಬರೆದ ಇ-ಮೇಲ್ ಕೂಡ ಹೋಗುತ್ತಿತ್ತು. 2010ರ ಜೂನ್‌ನಲ್ಲಿ ಬಂದ ಫೈರ್‌ಫಾಕ್ಸ್ 3.6.4 ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಫ್ಲ್ಯಾಶ್‌ನಂಥ ಪ್ಲಗಿನ್‌ಗಳನ್ನು ಬೇರೆಯಾಗಿ ಓಡಿಸತೊಡಗಿದ್ದು ಈ ಕಾರಣಕ್ಕೆ. ಪ್ಲಗಿನ್ ಬಿದ್ದರೂ ಬ್ರೌಸರ್ ನಿಲ್ಲುವಂತಾಯಿತು.

ಫೋನಿನಲ್ಲಿ ಪರೀಕ್ಷೆ ಏಕೆ ಬೇರೆ?

ಕಂಪ್ಯೂಟರಿನಲ್ಲಿ ಪಾಸಾದದ್ದು ಫೋನಿನಲ್ಲಿ ಪಾಸಾಗಬೇಕೆಂದಿಲ್ಲ. ಫೋನಿನ ಪರೀಕ್ಷೆಯಲ್ಲಿ ಬೇರೆಯೇ ಪ್ರಶ್ನೆಗಳಿವೆ.

ಬ್ಯಾಟರಿ: ಪ್ಲಗ್‌ಗೆ ಹಾಕಿದ ಕಂಪ್ಯೂಟರ್ ಎಷ್ಟು ದುಡಿದರೂ ನಮಗೆ ಅರಿವಾಗದು. ಫೋನಿನಲ್ಲಿ ಪುಟದ ಮೂಲೆಯಲ್ಲಿ ಕುಣಿಯುವ ಒಂದು ಜಾಹೀರಾತೂ ಬ್ಯಾಟರಿ ತಿನ್ನುತ್ತದೆ. ಇದಕ್ಕೆಂದು 10.1ರಲ್ಲಿ ಪರದೆಯ ಮೇಲೆ ಕಾಣದ ಭಾಗವನ್ನು ನಿಧಾನಗೊಳಿಸುವ, ಫೋನ್ ನಿದ್ರೆಗೆ ಹೋದಾಗ ಕೆಲಸ ತಗ್ಗಿಸುವ ವ್ಯವಸ್ಥೆ ಸೇರಿಸಲಾಗಿತ್ತು.

ಕರೆ: ವಿಡಿಯೊ ನೋಡುವಾಗ ಫೋನ್ ಬಂದರೆ ವಿಡಿಯೊ ತಾನಾಗಿ ನಿಲ್ಲಬೇಕು. ಮಾತು ಮುಗಿದ ಮೇಲೆ ನಿಂತಲ್ಲಿಂದ ಮುಂದುವರಿಯಬೇಕು. ಕಂಪ್ಯೂಟರಿನಲ್ಲಿ ಈ ಪರೀಕ್ಷೆಯ ಪ್ರಶ್ನೆಯೇ ಇರಲಿಲ್ಲ.

ಮೆಮೊರಿ: ಆ ಕಾಲದ ಫೋನುಗಳ ಮೆಮೊರಿ ಇಂದಿನದಕ್ಕೆ ಹೋಲಿಸಿದರೆ ತೀರಾ ಕಡಿಮೆ. ಒಂದು ಪುಟದಲ್ಲಿ ನಾಲ್ಕೈದು ಫ್ಲ್ಯಾಶ್ ತುಣುಕುಗಳಿದ್ದರೆ ಬ್ರೌಸರ್ ಉಸಿರು ಕಟ್ಟುತ್ತಿತ್ತು.

ಪ್ರೊಸೆಸರ್: ಆಂಡ್ರಾಯ್ಡ್ ಫೋನ್ ಇದ್ದರೆ ಸಾಕಾಗುತ್ತಿರಲಿಲ್ಲ. ಆಂಡ್ರಾಯ್ಡ್ 2.2 ಆವೃತ್ತಿಯೂ ಎಆರ್‌ಎಂ ಏಳನೆಯ ಪೀಳಿಗೆಯ ಪ್ರೊಸೆಸರೂ ಬೇಕಿತ್ತು. ಕಡಿಮೆ ಬೆಲೆಯ ಅನೇಕ ಫೋನುಗಳು ಇಲ್ಲೇ ಹೊರಗುಳಿದವು.

ಬೆರಳು: ಕಂಪ್ಯೂಟರಿಗೆಂದು ಮಾಡಿದ ಫ್ಲ್ಯಾಶ್ ಪುಟಗಳಲ್ಲಿ ಮೌಸನ್ನು ಮೇಲೆ ಇಟ್ಟರೆ ಸಾಕು, ಮೆನು ತೆರೆದುಕೊಳ್ಳುತ್ತಿತ್ತು. ಟಚ್ ಪರದೆಯಲ್ಲಿ ‘ಮೇಲೆ ಇಡುವುದು’ ಎಂಬುದೇ ಇಲ್ಲ. ಮುಟ್ಟಿದರೆ ಒತ್ತಿದಂತೆ. ಬಾಣದ ಕೀಲಿಗಳಿಂದ ಆಡುವ ಆಟಗಳಿಗೆ ಫೋನಿನಲ್ಲಿ ಕೀಲಿಗಳೇ ಇಲ್ಲ. ಮೌಸಿನ ತುದಿಗೆ ಸಾಕಾಗುತ್ತಿದ್ದ ಪುಟ್ಟ ಗುಂಡಿ ಹೆಬ್ಬೆರಳಿಗೆ ಸಿಗುತ್ತಿರಲಿಲ್ಲ. ಇವು ಪ್ಲಗಿನ್ನಿನ ದೋಷವಲ್ಲ. ಪುಟ ಬರೆದವರು ಫೋನನ್ನು ಊಹಿಸಿರಲೇ ಇಲ್ಲ. ಇದನ್ನು ಯಾವ ಅಪ್‌ಡೇಟ್‌ನಿಂದಲೂ ಸರಿಪಡಿಸಲು ಆಗುತ್ತಿರಲಿಲ್ಲ.

ಪರೀಕ್ಷೆಯ ಫಲ ಏನಾಯಿತು?

ಕಂಪ್ಯೂಟರುಗಳಿಗೆ 10.1ರ ಅಂತಿಮ ಆವೃತ್ತಿ 2010ರ ಜೂನ್ 10ರಂದು ಬಂತು. ಫೋನುಗಳ ಆವೃತ್ತಿ ಜೂನ್ 22ರಂದು ಪ್ರಕಟವಾಯಿತು. ಆದರೆ ಅಷ್ಟರೊಳಗೆ ಜಗಳ ಶುರುವಾಗಿತ್ತು.

2007ರಲ್ಲಿ ಬಂದ ಐಫೋನಿನಲ್ಲಿ ಆ್ಯಪಲ್ ಫ್ಲ್ಯಾಶ್‌ಗೆ ಜಾಗ ಕೊಟ್ಟಿರಲೇ ಇಲ್ಲ. 2010ರ ಏಪ್ರಿಲ್ 29ರಂದು ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಕಾರಣ ಕೊಟ್ಟರು: ಸುರಕ್ಷತೆ, ಸ್ಥಿರತೆ, ಬ್ಯಾಟರಿ, ಟಚ್ ಪರದೆಗೆ ಹೊಂದದಿರುವುದು, ಒಂದೇ ಕಂಪನಿಯ ಹಿಡಿತ. ಇದರ ಹಿಂದೆ ಆ್ಯಪಲ್‌ನ ವ್ಯಾಪಾರದ ಲೆಕ್ಕ ಇದೆ ಎಂದು ಹೇಳಿದವರೂ ಇದ್ದರು. ಅಡೋಬಿ ಈ ಆರೋಪಗಳನ್ನು ಒಪ್ಪಲಿಲ್ಲ.

ಕೊನೆಗೆ ತೀರ್ಪು ಕೊಟ್ಟದ್ದು ಫೋನುಗಳೇ. ಪ್ರತಿ ಹೊಸ ಚಿಪ್, ಪ್ರತಿ ಹೊಸ ಪರದೆ, ಪ್ರತಿ ಹೊಸ ಆಂಡ್ರಾಯ್ಡ್ ಆವೃತ್ತಿಗೂ ಪ್ಲಗಿನ್ನನ್ನು ಮತ್ತೆ ಹೊಂದಿಸಿ ಮತ್ತೆ ಪರೀಕ್ಷಿಸಬೇಕಿತ್ತು. 2011ರ ನವೆಂಬರ್ 9ರಂದು ಅಡೋಬಿಯೇ ಮೊಬೈಲ್ ಬ್ರೌಸರ್‌ಗಳಿಗೆ ಫ್ಲ್ಯಾಶ್ ಬೆಳೆಸುವುದನ್ನು ನಿಲ್ಲಿಸುವುದಾಗಿ ಹೇಳಿತು. 2012ರ ಆಗಸ್ಟ್ 15ರ ನಂತರ ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಹೊಸದಾಗಿ ಅದನ್ನು ಇಳಿಸಿಕೊಳ್ಳುವ ದಾರಿ ಮುಚ್ಚಿತು. ಆಂಡ್ರಾಯ್ಡ್‌ಗೆ ಬಂದ ಕ್ರೋಮ್ ಬ್ರೌಸರ್ ಫ್ಲ್ಯಾಶನ್ನು ಎಂದೂ ಸೇರಿಸಿಕೊಳ್ಳಲಿಲ್ಲ.

ಕಂಪ್ಯೂಟರಿನಲ್ಲಿ ಅದು ಇನ್ನೂ ಕೆಲವು ವರ್ಷ ಬದುಕಿತು. 2017ರ ಜುಲೈನಲ್ಲಿ ಅಂತ್ಯದ ದಿನ ಪ್ರಕಟವಾಯಿತು. 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ತನ್ನೊಳಗೆ ಏನನ್ನೂ ಓಡಿಸದಂತೆ ಅಡೋಬಿ ತಡೆ ಹಾಕಿತು. ಅದೇ ತಿಂಗಳು ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ತಮ್ಮ ಹೊಸ ಆವೃತ್ತಿಗಳಲ್ಲಿ ಫ್ಲ್ಯಾಶ್ ಬೆಂಬಲ ಕಿತ್ತುಹಾಕಿದವು.

ಹಾಗಾದರೆ ಈಗ ವಿಡಿಯೊ ಹೇಗೆ ಓಡುತ್ತದೆ?

ಎಚ್‌ಟಿಎಂಎಲ್5 ಎಂಬ ವೆಬ್ ಭಾಷೆಯಲ್ಲಿ ವಿಡಿಯೊಗೆಂದೇ ಒಂದು ಸೂಚನೆ ಇದೆ. ಪುಟ ಬರೆದವರು ‘ಇಲ್ಲಿ ವಿಡಿಯೊ ಇದೆ’ ಎಂದು ಹೇಳಿದರೆ ಸಾಕು, ಬ್ರೌಸರ್ ತಾನೇ ಓಡಿಸುತ್ತದೆ. ಕುಗ್ಗಿಸಿದ ವಿಡಿಯೊ ಬಿಡಿಸುವ ಸಾಮರ್ಥ್ಯ ಬ್ರೌಸರ್‌ನಲ್ಲೂ ಫೋನಿನ ಚಿಪ್‌ನಲ್ಲೂ ಮೊದಲೇ ಇರುತ್ತದೆ. ಯೂಟ್ಯೂಬ್ 2015ರ ಜನವರಿಯಿಂದಲೇ ಹೊಸ ಬ್ರೌಸರ್‌ಗಳಲ್ಲಿ ಫ್ಲ್ಯಾಶ್ ಬಿಟ್ಟು ಈ ದಾರಿ ಹಿಡಿಯಿತು.

ಇನ್ನೊಂದು ಬದಲಾವಣೆಯೂ ಆಯಿತು. ಹೊರಗಿನವರ ಪ್ಲಗಿನ್ ಸಿಕ್ಕಿಸುವ ಹಳೆಯ ಬಾಗಿಲನ್ನು ಕ್ರೋಮ್ 2015ರಲ್ಲಿ ಮುಚ್ಚಿತು. ಫೈರ್‌ಫಾಕ್ಸ್ 2017ರಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದ ಎಲ್ಲಕ್ಕೂ ಮುಚ್ಚಿತು. ಆ ಬಾಗಿಲೇ ಇಲ್ಲದ ಮೇಲೆ ‘ಪ್ಲಗಿನ್ ಹಾಕಿ ವಿಡಿಯೊ ನೋಡಿ’ ಎಂಬ ಮಾತಿಗೆ ಅರ್ಥವೇ ಇಲ್ಲ. ನಿಮ್ಮ ಫೋನಿನ ಬ್ರೌಸರ್‌ಗೆ ಅಂಥದ್ದನ್ನು ಸಿಕ್ಕಿಸಲು ಜಾಗವೇ ಇಲ್ಲ. ಹಾಗಾದರೆ ಡೌನ್‌ಲೋಡ್ ಆಗುವುದು ಏನು?

ಆ ಗುಂಡಿ ಒತ್ತಿದರೆ ಏನು ಇಳಿಯುತ್ತದೆ?

ಪ್ಲೇಯರ್ ಹೆಸರಿನಲ್ಲಿ ಮೋಸ ಮಾಡುವುದು ಹೊಸದಲ್ಲ. 2008ರಲ್ಲಿ ಫೇಸ್‌ಬುಕ್‌ನಲ್ಲಿ ಹರಡಿದ ಕೂಬ್‌ಫೇಸ್ ಎಂಬ ಕುತಂತ್ರಾಂಶ ಗೆಳೆಯರ ಹೆಸರಿನಲ್ಲೇ ವಿಡಿಯೊ ಲಿಂಕ್ ಕಳಿಸಿ, ‘ಫ್ಲ್ಯಾಶ್ ಅಪ್‌ಡೇಟ್ ಮಾಡಿ’ ಎನ್ನುತ್ತಿತ್ತು. 2011ರಲ್ಲಿ ಮ್ಯಾಕ್ ಕಂಪ್ಯೂಟರುಗಳಿಗೆ ಬಂದ ಫ್ಲ್ಯಾಶ್‌ಬ್ಯಾಕ್ ಎಂಬುದು ಮೊದಲು ಫ್ಲ್ಯಾಶ್ ಇನ್‌ಸ್ಟಾಲರ್ ವೇಷದಲ್ಲೇ ಬಂದಿತ್ತು. 2017ರ ಅಕ್ಟೋಬರ್‌ನಲ್ಲಿ ರಷ್ಯಾ, ಉಕ್ರೇನ್‌ಗಳಲ್ಲಿ ಕಂಪ್ಯೂಟರುಗಳನ್ನು ಬೀಗ ಹಾಕಿ ಹಣ ಕೇಳಿದ ಬ್ಯಾಡ್ ರ‍್ಯಾಬಿಟ್ ಕೂಡ ಸುಳ್ಳು ಫ್ಲ್ಯಾಶ್ ಅಪ್‌ಡೇಟ್ ಆಗಿಯೇ ಹರಡಿತು. ಆಂಡ್ರಾಯ್ಡ್‌ನಲ್ಲಿ ಬ್ಯಾಂಕ್ ವಿವರ ಕದಿಯುವ ಆ್ಯಪ್‌ಗಳೂ ಫ್ಲ್ಯಾಶ್ ಪ್ಲೇಯರ್ ಚಿಹ್ನೆ ಹಾಕಿಕೊಂಡು ಬಂದಿವೆ.

ನಮ್ಮಲ್ಲಿ ಈ ವೇಷ ಬದಲಾಗುತ್ತಿರುತ್ತದೆ. ಒಂದು ದಿನ ಸಂಚಾರ ನಿಯಮ ಮುರಿದದ್ದಕ್ಕೆ ದಂಡದ ಚಲನ್, ಇನ್ನೊಂದು ದಿನ ಮದುವೆ ಆಮಂತ್ರಣ, ಮತ್ತೊಂದು ದಿನ ಸರ್ಕಾರಿ ಯೋಜನೆಯ ಅರ್ಜಿ. ವೇಷ ಯಾವುದಾದರೂ ಒಳಗಿರುವುದು ಎಪಿಕೆ ಫೈಲ್, ಅಂದರೆ ಆಂಡ್ರಾಯ್ಡ್ ಆ್ಯಪ್‌ನ ಕಟ್ಟು. ಫೋಟೊ ಅಥವಾ ವಿಡಿಯೊ ಫೈಲ್ ಅದಲ್ಲ. ಅದನ್ನು ಇನ್‌ಸ್ಟಾಲ್ ಮಾಡಿದರೆ ಸಾಮಾನ್ಯವಾಗಿ ಎರಡು ಅನುಮತಿ ಕೇಳುತ್ತದೆ. ಒಂದು, ಎಸ್‌ಎಂಎಸ್ ಓದುವ ಅನುಮತಿ. ಕೊಟ್ಟರೆ ಬ್ಯಾಂಕಿನ ಒಟಿಪಿ ವಂಚಕರಿಗೆ ತಲುಪುತ್ತದೆ. ಎರಡು, ಆ್ಯಕ್ಸೆಸಿಬಿಲಿಟಿ ಅನುಮತಿ. ಇದು ದೃಷ್ಟಿ ದೋಷ ಮುಂತಾದ ತೊಂದರೆ ಇರುವವರಿಗೆ ನೆರವಾಗಲೆಂದು ಇರುವ ಸೌಲಭ್ಯ. ವಂಚಕರ ಕೈಗೆ ಸಿಕ್ಕರೆ ಪರದೆಯ ಮೇಲಿರುವುದನ್ನು ಓದಬಹುದು, ನಿಮ್ಮ ಪರವಾಗಿ ಗುಂಡಿ ಒತ್ತಬಹುದು. ಅಲ್ಲದೆ ನಿಮ್ಮ ಸಂಪರ್ಕ ಪಟ್ಟಿಯಲ್ಲಿರುವವರಿಗೆ ನಿಮ್ಮ ಹೆಸರಿನಲ್ಲೇ ಅದೇ ಲಿಂಕ್ ಹೋಗಬಹುದು. ಅತ್ತಿಗೆ ಕಳಿಸಿದ್ದು ಎಂದು ನೀವು ನಂಬಿದ ಸಂದೇಶವನ್ನು ಅತ್ತಿಗೆ ಕಳಿಸಿಯೇ ಇಲ್ಲದಿರಬಹುದು.

ಒಂದು ವಿಡಿಯೊ ಪ್ಲೇಯರ್‌ಗೆ ನಿಮ್ಮ ಎಸ್‌ಎಂಎಸ್ ಓದುವ ಕೆಲಸ ಏನಿದೆ? ಈ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ನನ್ನ ಫೋನ್ ಹಳೆಯದು, ಅದಕ್ಕೇ ಪ್ಲೇಯರ್ ಬೇಕಾಗಿದೆ.
ವಾಸ್ತವ: ಫೋನ್ ಹಳೆಯದಾಗಿ ವಿಡಿಯೊ ಓಡದಿದ್ದರೆ ಬ್ರೌಸರನ್ನು ಪ್ಲೇ ಸ್ಟೋರ್‌ನಿಂದ ಅಪ್‌ಡೇಟ್ ಮಾಡಿ. ವಿಡಿಯೊ ಪುಟದಲ್ಲಿ ಸಿಗುವ ಫೈಲ್ ಅದಕ್ಕೆ ಔಷಧವಲ್ಲ.

ನಂಬಿಕೆ: ಬೀಟಾ ಆದ್ದರಿಂದ ಪ್ಲೇ ಸ್ಟೋರ್‌ನಲ್ಲಿ ಇಲ್ಲ, ಲಿಂಕ್‌ನಿಂದಲೇ ಹಾಕಬೇಕು.
ವಾಸ್ತವ: ಪ್ಲೇ ಸ್ಟೋರ್‌ನಲ್ಲೇ ಬೀಟಾಗೆ ಸೇರುವ ವ್ಯವಸ್ಥೆ ಇದೆ. ಕ್ರೋಮ್ ಬೀಟಾ, ಫೈರ್‌ಫಾಕ್ಸ್ ಬೀಟಾ ಅಲ್ಲೇ ಸಿಗುತ್ತವೆ. ಐಫೋನಿನಲ್ಲಿ ಟೆಸ್ಟ್‌ಫ್ಲೈಟ್ ಎಂಬ ಆ್ಯಪಲ್‌ನದ್ದೇ ಆ್ಯಪ್ ಇದೆ.

ನಂಬಿಕೆ: ಎಚ್ಚರಿಕೆಯಲ್ಲಿ ಅಡೋಬಿ ಚಿಹ್ನೆ ಇದೆ, ಆದ್ದರಿಂದ ಅಸಲಿ.
ವಾಸ್ತವ: ಚಿಹ್ನೆ ಬರೀ ಚಿತ್ರ. ಯಾರು ಬೇಕಾದರೂ ಅಂಟಿಸಬಹುದು.

ನಂಬಿಕೆ: ಯಾವ ಪ್ಲೇಯರ್ ಆ್ಯಪನ್ನೂ ಬಳಸಬಾರದು.
ವಾಸ್ತವ: ಹಾಗಲ್ಲ. ಫೋನಿನಲ್ಲಿ ಈಗಾಗಲೇ ಇರುವ ವಿಡಿಯೊ ಫೈಲ್ ನೋಡಲು ವಿಎಲ್‌ಸಿಯಂಥ ಆ್ಯಪ್ ಉಪಯುಕ್ತ. ನೀವೇ ಪ್ಲೇ ಸ್ಟೋರ್ ತೆರೆದು, ಹೆಸರು ಹುಡುಕಿ ಹಾಕಿಕೊಳ್ಳಬೇಕು, ಅಷ್ಟೆ.

ನಂಬಿಕೆ: ಹಳೆಯ ಫ್ಲ್ಯಾಶ್ ಆಟ, ಪಾಠಗಳನ್ನು ಇನ್ನು ನೋಡಲು ಆಗುವುದೇ ಇಲ್ಲ.
ವಾಸ್ತವ: ರಫಲ್ ಎಂಬ ಮುಕ್ತ ತಂತ್ರಾಂಶ ಅನೇಕ ಹಳೆಯ ಫ್ಲ್ಯಾಶ್ ಫೈಲ್‌ಗಳನ್ನು ಬ್ರೌಸರ್‌ನಲ್ಲೇ ಓಡಿಸುತ್ತದೆ. ಇಂಟರ್ನೆಟ್ ಆರ್ಕೈವ್ ಜಾಲತಾಣ ಹಳೆಯ ಆಟ ಮತ್ತು ಅನಿಮೇಷನ್‌ಗಳನ್ನು ಹೀಗೆಯೇ ಉಳಿಸಿದೆ. ಅದನ್ನು ನೋಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ನಿಜವಾಗಿ ಬೀಟಾ ಪರೀಕ್ಷೆ ಮಾಡುವ ಆಸೆ ಇದ್ದರೆ

ಒಳ್ಳೆಯ ಆಸೆಯೇ. ಕನ್ನಡ ಅಕ್ಷರ ಸರಿಯಾಗಿ ಕಾಣುತ್ತಿದೆಯೇ, ಕನ್ನಡ ಉಪಶೀರ್ಷಿಕೆ ಒಡೆಯುತ್ತಿದೆಯೇ ಎಂಬ ದೋಷಗಳನ್ನು ಕನ್ನಡ ಓದುವವರೇ ಹಿಡಿಯಬೇಕು. ಆದರೆ ಕೆಲವು ನಿಯಮ ಪಾಲಿಸಿ.

- ಬ್ಯಾಂಕ್ ಆ್ಯಪ್, ಯುಪಿಐ ಇರುವ ಮುಖ್ಯ ಫೋನಿನಲ್ಲಿ ಪರೀಕ್ಷೆ ಬೇಡ. ಹಳೆಯ ಫೋನ್ ಬಳಸಿ.
- ಬೀಟಾವನ್ನು ಪ್ಲೇ ಸ್ಟೋರ್, ಟೆಸ್ಟ್‌ಫ್ಲೈಟ್ ಅಥವಾ ತಯಾರಕರ ಅಧಿಕೃತ ತಾಣದಿಂದ ಮಾತ್ರ ಪಡೆಯಿರಿ.
- ಮೊದಲು ಫೋಟೊ, ದಾಖಲೆಗಳ ಬ್ಯಾಕಪ್ ತೆಗೆದಿಡಿ.
- ಒಂದೇ ವಿಡಿಯೊವನ್ನು ವೈ-ಫೈನಲ್ಲೂ ಮೊಬೈಲ್ ಡೇಟಾದಲ್ಲೂ ನೋಡಿ. ಫೋನ್ ತಿರುಗಿಸಿ, ಕರೆ ಬರಿಸಿ, ಪರದೆ ಆರಿಸಿ ನೋಡಿ.
- ದೋಷ ಕಂಡರೆ ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆ್ಯಪ್ ಆವೃತ್ತಿ ಮತ್ತು ಏನು ಮಾಡಿದಾಗ ಹಾಗಾಯಿತು ಎಂಬುದನ್ನು ಕ್ರಮವಾಗಿ ಬರೆದು ಕಳಿಸಿ.

ಈಗಾಗಲೇ ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ

ಗಾಬರಿ ಬೇಡ, ತಡವೂ ಬೇಡ. ನಾಚಿಕೆಯಿಂದ ಮನೆಯವರಿಗೆ ಹೇಳದೆ ಸುಮ್ಮನಿರುವುದರಿಂದಲೇ ಹೆಚ್ಚು ನಷ್ಟವಾಗುತ್ತದೆ.

1. ಮೊದಲು ಮೊಬೈಲ್ ಡೇಟಾ, ವೈ-ಫೈ ಎರಡನ್ನೂ ಆಫ್ ಮಾಡಿ. ಏರೋಪ್ಲೇನ್ ಮೋಡ್ ಹಾಕಿದರೆ ಎಸ್‌ಎಂಎಸ್ ಕೂಡ ನಿಲ್ಲುತ್ತದೆ.
2. ಮನೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ತಡೆಹಿಡಿಸಿ. ಬ್ಯಾಂಕಿನ ಸಂಖ್ಯೆಯನ್ನು ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಬದಿಯಲ್ಲಿ ನೋಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಸಂಖ್ಯೆ ನಕಲಿ ಇರಬಹುದು.
3. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.
4. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಕೊಟ್ಟ ಆ್ಯಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಅನುಮತಿ ತೆಗೆದು, ನಂತರ ಅನ್‌ಇನ್‌ಸ್ಟಾಲ್ ಮಾಡಿ. ಆಗದಿದ್ದರೆ ಫೋನನ್ನು ಸೇಫ್ ಮೋಡ್‌ನಲ್ಲಿ ತೆರೆದು ಪ್ರಯತ್ನಿಸಿ. ಪೊಲೀಸ್ ದೂರು ಕೊಡುವುದಿದ್ದರೆ ಸಂದೇಶದ ಮತ್ತು ಆ್ಯಪ್‌ನ ಸ್ಕ್ರೀನ್‌ಶಾಟ್ ಮೊದಲೇ ಇಟ್ಟುಕೊಳ್ಳಿ.
5. ಜಿಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೆ ಸುರಕ್ಷಿತ ಫೋನಿನಿಂದ ಬದಲಿಸಿ.
6. ಅನುಮಾನ ಉಳಿದರೆ ಬ್ಯಾಕಪ್ ತೆಗೆದು ಫ್ಯಾಕ್ಟರಿ ರಿಸೆಟ್ ಮಾಡಿ.
7. ನಿಮ್ಮಿಂದ ಲಿಂಕ್ ಹೋಗಿರಬಹುದಾದ ಗುಂಪುಗಳಿಗೆ ‘ಅದನ್ನು ತೆರೆಯಬೇಡಿ’ ಎಂದು ಹೇಳಿ.

ಫಾರ್ವರ್ಡ್ ಮಾಡುವ ಮುನ್ನ

ಆಂಡ್ರಾಯ್ಡ್ 8ರಿಂದ ಮುಂದೆ, ಹೊರಗಿನ ಆ್ಯಪ್ ಹಾಕುವಾಗ ಫೋನ್ ತಾನೇ ತಡೆದು, ಈ ಮೂಲದಿಂದ ಬಂದ ಆ್ಯಪನ್ನು ಇನ್‌ಸ್ಟಾಲ್ ಮಾಡಲು ಅನುಮತಿ ಕೊಡುತ್ತೀರಾ ಎಂದು ಕೇಳುತ್ತದೆ. ವಂಚಕರ ಪುಟದಲ್ಲಿ ‘ಅದಕ್ಕೆ ಹೌದು ಎನ್ನಿ’ ಎಂದು ಬರೆದಿರುತ್ತದೆ. ಫೋನು ಬೇಡ ಎನ್ನುತ್ತಿದೆ, ಅಪರಿಚಿತ ಪುಟ ಬೇಕು ಎನ್ನುತ್ತಿದೆ. ಅಲ್ಲಿ ಫೋನಿನ ಮಾತು ಕೇಳಿ.

2009ರಲ್ಲಿ ಬೀಟಾ ಹಾಕಿದವರಿಗೆ ಅದು ಎಲ್ಲಿಂದ ಬಂತು, ಯಾರು ಮಾಡಿದ್ದು, ತಪ್ಪು ಕಂಡರೆ ಯಾರಿಗೆ ಹೇಳಬೇಕು ಎಂಬುದೆಲ್ಲ ಗೊತ್ತಿತ್ತು. ಇಂದು ಗುಂಪಿಗೆ ಬರುವ ‘ಪ್ಲೇಯರ್’ ಬಗ್ಗೆ ಈ ಮೂರರಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ. ಉತ್ತರ ಸಿಗದಿದ್ದರೆ ಇಳಿಸಬೇಡಿ, ಮುಂದೆ ಕಳಿಸಬೇಡಿ. ಮನೆಯ ಹಿರಿಯರಿಗೆ ಈ ಒಂದು ಸಾಲನ್ನಾದರೂ ಹೇಳಿಕೊಡಿ: ವಿಡಿಯೊ ನೋಡಲು ಏನನ್ನಾದರೂ ಇನ್‌ಸ್ಟಾಲ್ ಮಾಡಿ ಎಂದು ಪುಟ ಕೇಳಿದರೆ, ಆ ಪುಟವನ್ನು ಮುಚ್ಚಿಬಿಡಿ.